ನಾಯಿ ಕ್ಯಾಮೆರಾ ನೋಡಬೇಕಿಲ್ಲ, ಮನೆಯವರನ್ನು ನೋಡಲಿ

ಮನೆಮಂದಿಯ ಫೋಟೊದಲ್ಲಿ ನಾಯಿಯೂ ಇರಲಿ ಎಂದಾಗ ನಡೆಯುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಸೋಫಾದ ಒಂದು ತುದಿಗೆ ಅಪ್ಪ, ಇನ್ನೊಂದು ತುದಿಗೆ ಅಮ್ಮ, ನಡುವೆ ಮಕ್ಕಳು. ನಾಯಿಯ ಬೆಲ್ಟನ್ನು ಯಾರೋ ಬಿಗಿಯಾಗಿ ಹಿಡಿದಿರುತ್ತಾರೆ. ಫೋಟೊಗ್ರಾಫರ್ ಲೊಚಗುಟ್ಟುತ್ತಾನೆ, ಅಪ್ಪ ಚಿಟಿಕೆ ಹೊಡೆಯುತ್ತಾರೆ, ಮಗಳು ಹೆಸರು ಹಿಡಿದು ಕೂಗುತ್ತಾಳೆ. ಯಾರ ಮಾತು ಕೇಳಬೇಕೆಂದು ತಿಳಿಯದೆ ನಾಯಿ ಆಕಳಿಸಿ ಮುಖ ತಿರುಗಿಸುತ್ತದೆ. ಕೊನೆಗೆ ಆಲ್ಬಮ್ ಸೇರುವ ಚಿತ್ರದಲ್ಲಿ ಎಲ್ಲರೂ ಇರುತ್ತಾರೆ, ಅವರ ನಡುವಿನ ಸಲುಗೆಯೊಂದು ಇರುವುದಿಲ್ಲ.

ಆ ಸಲುಗೆ ಕ್ಯಾಮೆರಾ ಎದುರು ಹುಟ್ಟುವಂಥದ್ದಲ್ಲ. ಊಟ ಹಾಕುವಾಗ, ಚೈನು ಕೈಗೆತ್ತಿಕೊಂಡಾಗ, ಸಂಜೆ ಬಾಗಿಲ ಬೆಲ್ ಆದಾಗ ಅದು ದಿನವೂ ಕಾಣಿಸಿಕೊಳ್ಳುತ್ತಲೇ ಇರುತ್ತದೆ. ಆ ಹೊತ್ತು ತಾನಾಗಿ ಒದಗುವಂತೆ ನೋಡಿಕೊಂಡು, ಬೆಳಕಿರುವ ಕಡೆ ಕೂತು ಕಾಯುವುದೇ ಫೋಟೊ ತೆಗೆಯುವವರ ಕೆಲಸ. ದುಬಾರಿ ಕ್ಯಾಮೆರಾ ಇದ್ದರೆ ಸರಿ, ಇಲ್ಲದಿದ್ದರೆ ಕೈಯಲ್ಲಿರುವ ಮೊಬೈಲೂ ನಡೆಯುತ್ತದೆ.

ನಾಗಪುರದ ರಾಮದಾಸಪೇಠವನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಊರ ನಡುಭಾಗದ ಹಳೆಯ ಬಡಾವಣೆ. ಅಂಗಳವಿದ್ದ ಬಂಗಲೆಗಳ ಪಕ್ಕದಲ್ಲೇ ಅಪಾರ್ಟ್‌ಮೆಂಟುಗಳು, ಆಸ್ಪತ್ರೆಗಳು, ಕ್ಲಿನಿಕ್ಕುಗಳು ಎದ್ದಿವೆ. ಸೆಂಟ್ರಲ್ ಬಜಾರ್ ರಸ್ತೆಯಲ್ಲಿ ವಾಹನಗಳ ಗಲಾಟೆ. ಬಡಾವಣೆಯೊಳಗೆ ಲೇಂಡ್ರಾ ಪಾರ್ಕ್. ರಿಸರ್ವ್ ಬ್ಯಾಂಕ್, ವೆಸ್ಟರ್ನ್ ಕೋಲ್‌ಫೀಲ್ಡ್ಸ್, ಪರಿಸರ ಸಂಶೋಧನಾ ಸಂಸ್ಥೆ ನೀರಿ, ರೈಲ್ವೆ ಎಂದು ದೊಡ್ಡ ಕಚೇರಿಗಳಿರುವ ಊರಿದು; ವರ್ಗವಾಗಿ ಬಂದು ಇಲ್ಲೇ ನಿಂತ ಕನ್ನಡಿಗರೂ ಇದ್ದಾರೆ. ಅಂಥ ಮನೆಯ ನಾಯಿಗೆ ಅಜ್ಜಿ ಕನ್ನಡದಲ್ಲಿ ಗದರಿದರೆ, ಕೆಲಸದಾಕೆ ಮರಾಠಿಯಲ್ಲಿ ಮುದ್ದು ಮಾಡುತ್ತಾಳೆ, ಮಕ್ಕಳು ‘ಸಿಟ್’ ಎನ್ನುತ್ತಾರೆ. ಚಿಕ್ಕ ಫ್ಲಾಟು, ಬೇಸಿಗೆಯ ಉರಿಬಿಸಿಲು, ಆಗಾಗ ಆಂಬುಲೆನ್ಸ್ ಸೈರನ್ನು. ಇಷ್ಟರ ನಡುವೆ ಒಳ್ಳೆಯ ಚಿತ್ರ ಬರುವುದಾದರೆ ಹುಬ್ಬಳ್ಳಿ, ಮೈಸೂರಿನ ಮನೆಗಳಲ್ಲಿ ಕೆಲಸ ಇನ್ನೂ ಸಲೀಸು.

ಮೊದಲು ದಿನಚರಿ ಕೇಳಿ

ಸಾಧ್ಯವಾದರೆ ಫೋಟೊ ತೆಗೆಯುವ ಮುಂಚೆ ಒಂದು ದಿನ ಬರಿಗೈಯಲ್ಲಿ ಮನೆಗೆ ಹೋಗಿ ಬನ್ನಿ. ಆಗದಿದ್ದರೆ ಫೋನಿನಲ್ಲೇ ಕೆಲವು ಪ್ರಶ್ನೆ ಕೇಳಿ. ರಾತ್ರಿ ಯಾರ ಕಾಲ ಬಳಿ ಮಲಗುತ್ತದೆ? ಯಾರು ಬಂದರೆ ಬಾಗಿಲಿಗೆ ಓಡುತ್ತದೆ? ಯಾವ ಮಾತು ಕೇಳಿದರೆ ಕಿವಿ ನಿಮಿರುತ್ತದೆ, ಯಾವ ಭಾಷೆಯಲ್ಲಿ? ಎಲ್ಲಿ ಮುಟ್ಟಿದರೆ ಖುಷಿ, ಎಲ್ಲಿ ಮುಟ್ಟಿದರೆ ಸಿಡುಕು? ಕುಕ್ಕರ್ ಸೀಟಿ, ಡ್ರಿಲ್ ಸದ್ದು, ಛತ್ರಿ ಇವುಗಳಲ್ಲಿ ಯಾವುದಕ್ಕೆ ಹೆದರುತ್ತದೆ? ರೇಬಿಸ್ ಲಸಿಕೆ ಆಗಿದೆಯೇ, ಹಿಂದೆ ಯಾರಿಗಾದರೂ ಕಚ್ಚಿದೆಯೇ ಎಂಬುದನ್ನೂ ಸಂಕೋಚವಿಲ್ಲದೆ ಕೇಳಬೇಕು.

ಉತ್ತರಗಳಲ್ಲೇ ಅರ್ಧ ಚಿತ್ರಗಳು ಸಿಕ್ಕಿಬಿಡುತ್ತವೆ. ‘ಯಜಮಾನರು ಪೇಪರ್ ಓದುವಾಗ ಅದರ ಮೇಲೆಯೇ ಬಂದು ಕೂರುತ್ತೆ’ ಎಂದರೆ ನಿಮ್ಮ ಮೊದಲ ಚಿತ್ರ ಯಾವುದೆಂದು ಗೊತ್ತಾಯಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ‘ಪರಿಸರದ ಕತೆ’ ಓದಿದವರಿಗೆ ಕಿವಿ ಎಂಬ ನಾಯಿ ಮನುಷ್ಯ ಪಾತ್ರಗಳಷ್ಟೇ ನೆನಪಿರುತ್ತದೆ. ಬರೀ ‘ಒಂದು ನಾಯಿ’ ಆಗಿ ಉಳಿಯದೆ ತನ್ನದೇ ಚಾಳಿಗಳಿರುವ ಜೀವವಾಗಿ ಅದು ಬರುವುದೇ ಕಾರಣ. ನೀವು ಹುಡುಕಬೇಕಾದದ್ದೂ ಈ ಚಾಳಿಗಳನ್ನೇ.

ಮನೆಯೊಳಗೆ ಕಾಲಿಟ್ಟ ಮೇಲೆ ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲ ನೆಲದ ಮೇಲಿರಲಿ, ನಾಯಿ ಅದನ್ನು ಮೂಸಲಿ. ನೀವು ನಾಯಿಗೆ ಎದುರಾಗದೆ ಪಕ್ಕಕ್ಕೆ ತಿರುಗಿ ಕೂತು ಮನೆಯವರೊಡನೆ ಮಾತಾಡುತ್ತಿರಿ. ಮೇಲಿಂದ ಬಗ್ಗಿ ತಲೆ ಸವರುವುದು, ಅಪರಿಚಿತ ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಬೇಡ. ತಾನಾಗಿ ಹತ್ತಿರ ಬಂದರೆ ಎದೆಯ ಕೆಳಗೆ ಮೆಲ್ಲಗೆ ತುರಿಸಿ.

ನಾಯಿಯ ಮೈ ಓದುವುದು

ಕಾಲಿಂಗ್ ಬೆಲ್ಲಿಗೆ ಬೊಗಳುವ ನಾಯಿಯ ಮನಸ್ಸು ಎಲ್ಲರಿಗೂ ಅರ್ಥವಾಗುತ್ತದೆ. ಕಸಿವಿಸಿಪಡುವ ನಾಯಿ ಮಾತ್ರ ಸದ್ದಿಲ್ಲದೆ ಹೇಳುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕುವುದು, ಕಿವಿ ಹಿಂದಕ್ಕೆ ಮಡಚುವುದು, ಮುಖ ಅತ್ತ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಗಣ್ಣಲ್ಲಿ ನೋಡುವುದು, ಬಾಲ ಕಾಲ ಸಂದಿಗೆ ಸೇರುವುದು: ಇವೆಲ್ಲ ‘ಸಾಕು ಬಿಡಿ’ ಎಂಬ ಸೂಚನೆ. ಅಂಥದ್ದು ಎರಡು ಒಟ್ಟಿಗೆ ಕಂಡರೆ ಕ್ಯಾಮೆರಾ ಇಳಿಸಿ, ನೀರು ಕೊಟ್ಟು, ಬೇರೆ ಕೋಣೆಗೆ ಹೋಗಲು ಬಿಡಿ. ಬಾಯಿ ಸಡಿಲವಾಗಿ ತೆರೆದು, ಮೈಯೆಲ್ಲ ಬಳುಕುವಂತೆ ಬಾಲ ಆಡಿಸುತ್ತಿದ್ದರೆ ಮುಂದುವರಿಸಬಹುದು.

ಪ್ರೀತಿ ತೋರಿಸಲು ನಾಯಿಯ ಕೊರಳು ತಬ್ಬಿಕೊಳ್ಳುವುದು ನಮ್ಮ ಅಭ್ಯಾಸ. ಅದು ನಾಯಿಯ ಅಭ್ಯಾಸವಲ್ಲ. ಕೆನಡಾದ ಮನೋವಿಜ್ಞಾನಿ ಸ್ಟಾನ್ಲಿ ಕೋರೆನ್ 2016ರಲ್ಲಿ, ಜನ ನಾಯಿಯನ್ನು ತಬ್ಬಿಕೊಂಡ 250 ಫೋಟೊಗಳನ್ನು ಅಂತರ್ಜಾಲದಿಂದ ಆಯ್ದು ನೋಡಿದರು. ಸುಮಾರು ಶೇ 82ರಷ್ಟು ಚಿತ್ರಗಳಲ್ಲಿ ನಾಯಿಯ ಮುಖದ ಮೇಲೆ ಕಸಿವಿಸಿಯ ಒಂದಾದರೂ ಗುರುತಿತ್ತು. ಇದು ಪ್ರಯೋಗಾಲಯದ ಸಂಶೋಧನೆಯಲ್ಲ, ಫೋಟೊ ನೋಡಿ ಮಾಡಿದ ಎಣಿಕೆ. ಆದರೆ ಫೋಟೊ ತೆಗೆಯುವವರಿಗೆ ಬೇಕಾದ ಪಾಠ ಅದರಲ್ಲಿದೆ: ಮನುಷ್ಯರ ಮುಖದಲ್ಲಿ ನಗು ತುಂಬಿರುವ ಚಿತ್ರದಲ್ಲೇ ನಾಯಿ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿರಬಹುದು.

ಹಾಗಾದರೆ ನಂಟು ಕಾಣುವುದೆಲ್ಲಿ? ನೋಟದಲ್ಲಿ. ಜಪಾನಿನ ಅಜಾಬು ವಿಶ್ವವಿದ್ಯಾಲಯದ ಮಿಹೊ ನಾಗಸಾವಾ ಮತ್ತು ಸಂಗಡಿಗರು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿ ಮತ್ತು ಅದರ ಒಡೆಯರು ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿ ಮತ್ತು ಮಗುವಿನ ಬಾಂಧವ್ಯದಲ್ಲಿ ಕೆಲಸ ಮಾಡುವ ಹಾರ್ಮೋನೇ ಇದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ನಾಯಿ ನಿಮ್ಮ ಲೆನ್ಸನ್ನು ನೋಡಿದರೆ ಅದರ ಭಾವಚಿತ್ರ ಸಿಗುತ್ತದೆ. ತನ್ನವರನ್ನು ನೋಡಿದರೆ ಸಂಬಂಧದ ಚಿತ್ರ ಸಿಗುತ್ತದೆ.

ಹೊತ್ತು ಮತ್ತು ಜಾಗ

ನಾಗಪುರವಿರುವ ವಿದರ್ಭದ ಬೇಸಿಗೆ ಹುಡುಗಾಟವಲ್ಲ. ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ದಾಟುವುದುಂಟು. ಮಾರ್ಚಿನಿಂದ ಮಳೆ ಬರುವ ತನಕ ಹೊರಗಿನ ಚಿತ್ರಗಳನ್ನು ಬೆಳಿಗ್ಗೆ ಏಳೂವರೆಯೊಳಗೆ ಮುಗಿಸಿ. ಸಂಜೆ ಸೂರ್ಯ ಇಳಿದರೂ ಡಾಂಬರು ಬೇಗ ಆರುವುದಿಲ್ಲ. ಕೈಯ ಹಿಂಭಾಗವನ್ನು ಐದಾರು ಸೆಕೆಂಡು ನೆಲಕ್ಕಿಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಸೆಖೆಯಲ್ಲಿ ಉಸಿರಾಟವೇ ಕಷ್ಟ. ಅವುಗಳ ಚಿತ್ರ ಬೇಸಿಗೆಯಲ್ಲಿ ಮನೆಯೊಳಗೇ ಆಗಲಿ. ನವೆಂಬರಿನಿಂದ ಫೆಬ್ರುವರಿಯವರೆಗೆ ಬಿಸಿಲು ಹಿತ, ಬೆಳಕೂ ಮೃದು. ಆದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಗಾಳಿಪಟದ ಮಾಂಜಾ ದಾರ ಮೈದಾನ, ತಾರಸಿಗಳಲ್ಲಿ ಸಿಕ್ಕಿಕೊಂಡಿರುತ್ತದೆ. ನಾಯಿಯನ್ನು ಓಡಲು ಬಿಡುವ ಮುನ್ನ ನೆಲ ನೋಡಿಕೊಳ್ಳಿ.

ಉದ್ಯಾನಕ್ಕೆ ಹೋಗುವ ಯೋಚನೆಯಿದ್ದರೆ ನಾಯಿಗೆ ಪ್ರವೇಶವಿದೆಯೇ ಎಂದು ಮೊದಲೇ ಕೇಳಿ. ಎಲ್ಲಿ ಹೋದರೂ ಚೈನು ಇರಲಿ. ತೆಳುವಾದ ಚೈನನ್ನು ಮನೆಯವರ ಕೈಯಲ್ಲೇ ಬಿಟ್ಟರೆ ಚಿತ್ರಕ್ಕೆ ಕುಂದೇನಿಲ್ಲ, ವಾಕಿಂಗ್ ಎಂದರೆ ಅದೇ ತಾನೆ. ಬೀದಿನಾಯಿಗಳ ಗುಂಪು ಇರುವ ಜಾಗ ಬೇಡ. ನಿಮ್ಮ ನಾಯಿಯ ಗಮನವೆಲ್ಲ ಅಲ್ಲೇ ಹೋಗುತ್ತದೆ.

ಫ್ಲಾಟಿನೊಳಗೆ ತೆಗೆಯುವುದಾದರೆ ಬಾಲ್ಕನಿ ಬಾಗಿಲು ಅಥವಾ ದೊಡ್ಡ ಕಿಟಕಿಯ ಪಕ್ಕ ಒಂದು ಜಮಖಾನ ಹಾಸಿ. ಟೈಲ್ಸ್ ಮೇಲೆ ನಾಯಿಯ ಕಾಲು ಜಾರುತ್ತದೆ, ಜಮಖಾನದ ಮೇಲೆ ನೆಮ್ಮದಿಯಾಗಿ ಕೂರುತ್ತದೆ. ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬು ಎಲ್ಲ ಆರಿಸಿ. ಹಗಲ ಬೆಳಕಿನೊಡನೆ ಅವು ಬೆರೆತರೆ ಮುಖದ ಬಣ್ಣ ಕೆಡುತ್ತದೆ, ಕೆಲವೊಮ್ಮೆ ಚಿತ್ರದ ಮೇಲೆ ಪಟ್ಟೆಗಳೂ ಬರುತ್ತವೆ. ಫ್ಲಾಶ್ ಬೇಡವೇ ಬೇಡ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸುವ ಪದರವೊಂದಿದೆ, ಟಪೇಟಮ್ ಲೂಸಿಡಮ್ ಎಂದು ಅದರ ಹೆಸರು. ಅದರಿಂದಾಗಿಯೇ ಫ್ಲಾಶ್ ಬಿದ್ದ ಕಣ್ಣು ಹಸಿರಾಗಿಯೋ ಹಳದಿಯಾಗಿಯೋ ಉರಿಯುವಂತೆ ಕಾಣುವುದು. ಅಂಜುಬುರುಕ ನಾಯಿಯಾದರೆ ಒಂದೇ ಫ್ಲಾಶಿಗೆ ಮಂಚದ ಕೆಳಗೆ ಸೇರಿಬಿಡುತ್ತದೆ.

‘ಸ್ಮೈಲ್’ ಎನ್ನಬೇಡಿ, ಕೆಲಸ ಹೇಳಿ

‘ಸಹಜವಾಗಿರಿ’ ಎಂದ ಕೂಡಲೇ ಯಾರಿಗೂ ಸಹಜವಾಗಿರಲು ಆಗುವುದಿಲ್ಲ. ಕೈಗೊಂದು ಕೆಲಸ ಕೊಟ್ಟರೆ ಮುಖ ತಾನಾಗಿ ಸಡಿಲವಾಗುತ್ತದೆ. ಈ ಕೆಲವನ್ನು ಮಾಡಿಸಿ ನೋಡಿ:

• ಮಗಳು ನೆಲದ ಮೇಲೆ ಕೂತು ನಾಯಿಯ ಕೂದಲು ಬಾಚಲಿ. ಬ್ರಶ್ ಇಷ್ಟವಿರುವ ನಾಯಿ ಕಣ್ಣು ಮುಚ್ಚಿ ಒರಗಿಕೊಳ್ಳುತ್ತದೆ.

• ಅಪ್ಪ ಚೈನು ಹಿಡಿದು ಬಾಗಿಲ ಬಳಿ ಹೋಗಲಿ. ನೀವು ಮೊದಲೇ ಬಾಗಿಲ ಪಕ್ಕ ನೆಲಕ್ಕೆ ಕೂತಿರಿ. ಆ ಹಾರಾಟ ಮತ್ತೆ ಬೇಡಿದರೆ ಸಿಗುವುದಿಲ್ಲ.

• ಮಗ ಹೊರಗೆ ಹೋಗಿ ಐದು ನಿಮಿಷ ಬಿಟ್ಟು ಬೆಲ್ ಮಾಡಲಿ. ಶಾಲೆಯಿಂದ ಬಂದವನಿಗೆ ಸಿಗುವ ಸ್ವಾಗತವೇ ಸಿಗುತ್ತದೆ.

• ಅಮ್ಮ ಸಂಜೆಯ ಚಹಾ ಹಿಡಿದು ಎಂದಿನ ಜಾಗದಲ್ಲಿ ಕೂರಲಿ. ನಾಯಿಯೂ ತನ್ನ ಎಂದಿನ ಜಾಗಕ್ಕೆ ಬರುತ್ತದೆ.

• ಇಬ್ಬರು ಮಕ್ಕಳು ನಾಯಿಯ ಕಿವಿಯಲ್ಲಿ ಗುಟ್ಟು ಹೇಳಿದಂತೆ ಪಿಸುಗುಟ್ಟಲಿ. ನಾಯಿ ತಲೆ ಓರೆ ಮಾಡುವ ಕ್ಷಣ ಕಾಯಿರಿ.

ಒಂದೊಂದು ಕೆಲಸವನ್ನು ಎರಡು ಸಲಕ್ಕಿಂತ ಹೆಚ್ಚು ಮಾಡಿಸಬೇಡಿ, ಮೂರನೆಯದು ನಾಟಕವಾಗುತ್ತದೆ. ಒಟ್ಟು ಸಮಯ ಅರ್ಧ ಗಂಟೆ ಮುಕ್ಕಾಲು ಗಂಟೆ ಸಾಕು, ನಡುವೆ ಬಿಡುವೂ ಇರಲಿ.

ಲಂಚ ಕೊಡುವುದು ತಪ್ಪಲ್ಲ, ಕೊಡುವ ಲಂಚ ಸರಿಯಿರಬೇಕು. ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಬೇಯಿಸಿದ ಮೊಟ್ಟೆ, ಕ್ಯಾರೆಟ್ ಚೂರು, ಸಣ್ಣ ಇಡ್ಲಿ ತುಂಡು ಆಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಹಬ್ಬದ ದಿನ ಫೋಟೊ ತೆಗೆಯುವಾಗ ಮಗು ಪಾಯಸದ ದ್ರಾಕ್ಷಿ ಆರಿಸಿ ನಾಯಿಯ ಬಾಯಿಗಿಡದಂತೆ ನೋಡಿಕೊಳ್ಳಬೇಕು. ತಿಂಡಿ ಯಾವಾಗಲೂ ಮನೆಯವರ ಕೈಯಿಂದಲೇ ಹೋಗಲಿ. ನೀವೇ ಕೊಟ್ಟರೆ ನಾಯಿ ಉಳಿದವರನ್ನೆಲ್ಲ ಬಿಟ್ಟು ನಿಮ್ಮನ್ನೇ ನೋಡುತ್ತ ಕೂರುತ್ತದೆ. ಆಟಕ್ಕೆ ಚೆಂಡು ತರುವುದಾದರೆ ನೀಲಿ ಅಥವಾ ಹಳದಿಯದಿರಲಿ. ನಾಯಿಗೆ ಈ ಎರಡು ಬಣ್ಣ ಸ್ಪಷ್ಟ. ಹಸಿರು ಹುಲ್ಲಿನ ಮೇಲಿನ ಕೆಂಪು ಚೆಂಡು ಅದರ ಕಣ್ಣಿಗೆ ಬೇಗ ಬೀಳುವುದಿಲ್ಲ.

2022ರಲ್ಲಿ ತೆರೆಗೆ ಬಂದ ‘777 ಚಾರ್ಲಿ’ ನೋಡಿದವರಿಗೆ, ಅದರ ನಾಯಿಯಂತೆ ನಮ್ಮ ನಾಯಿಯೂ ನೋಡಲಿ ಎಂಬ ಆಸೆ ಸಹಜ. ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿದ ಆ ಚಿತ್ರದ ಲ್ಯಾಬ್ರಡಾರ್‌ಗೆ ಪ್ರಮೋದ್ ಎಂಬ ತರಬೇತುದಾರರಿದ್ದರು. ನಿಮ್ಮ ಮನೆಯ ಚಿತ್ರಕ್ಕೆ ಅಂಥವರು ಬೇಕಾಗಿಲ್ಲ. ಅಭಿನಯ ಬೇಡದ ಕಡೆ ನಾಯಿಗೆ ಗೊತ್ತಿರುವ ದಿನಚರಿಯೇ ಚಿತ್ರಕಥೆ.

ಅಜ್ಜಿ ಮತ್ತು ಪುಟ್ಟ ಮಕ್ಕಳು

ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ ನಾಯಿಯನ್ನು ಮುಟ್ಟುವುದಿಲ್ಲ. ಮಡಿ, ಪೂಜೆ, ಬಟ್ಟೆಗೆ ಕೂದಲು ಅಂಟುವ ಕಿರಿಕಿರಿ. ಕಾರಣ ಏನಾದರೂ ಇರಲಿ. ‘ಅಜ್ಜೀ, ಸ್ವಲ್ಪ ಹತ್ತಿರ ಬನ್ನಿ, ಕೈ ಇಡಿ’ ಎಂದು ಒತ್ತಾಯಿಸಿದರೆ ಇಬ್ಬರ ಮುಖವೂ ಬಿಗಿಯುತ್ತದೆ. ಅದೇ ಅಜ್ಜಿ ದಿನವೂ ನಾಯಿಗೆ ಮೊಸರನ್ನ ಕಲಸಿಡುವವರಾಗಿರಬಹುದು, ‘ಒಳಗೆ ಬರಬೇಡ’ ಎಂದು ಗದರುತ್ತಲೇ ಅದರೊಡನೆ ಹೊತ್ತು ಕಳೆಯುವವರಾಗಿರಬಹುದು. ದೇವರ ಮನೆಯ ಹೊಸ್ತಿಲಾಚೆ ಅಜ್ಜಿ ಹೂ ಏರಿಸುತ್ತಿದ್ದರೆ ಈಚೆ ನಾಯಿ ಮುಂಗಾಲು ಚಾಚಿ ಮಲಗಿರುತ್ತದೆ. ಆ ಅಂತರವನ್ನು ಇದ್ದ ಹಾಗೆಯೇ ತೆಗೆಯಿರಿ. ಹೊಸ್ತಿಲು ಚಿತ್ರದ ನಡುವೆ ಬರಲಿ, ಇಬ್ಬರೂ ಅಂಚಿನ ಕಡೆ ಇರಲಿ. ಮನೆಯ ಕಟ್ಟುಪಾಡು, ನಾಯಿ ಅದನ್ನು ಒಪ್ಪಿಕೊಂಡ ಬಗೆ ಎರಡೂ ಒಂದೇ ಚಿತ್ರದಲ್ಲಿ ಬರುತ್ತವೆ.

ಪುಟ್ಟ ಮಕ್ಕಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಮಗುವನ್ನು ನಾಯಿಯ ಬೆನ್ನ ಮೇಲೆ ಕೂರಿಸುವುದು, ಬಾಲ ಹಿಡಿಸುವುದು, ನಾಯಿ ಉಣ್ಣುವಾಗ ಪಕ್ಕ ಕೂರಿಸುವುದು ಚಿತ್ರಕ್ಕಾಗಿಯೂ ಕೂಡದು. ಮಗುವಿನ ಕೈಯಳತೆಯಲ್ಲಿ ದೊಡ್ಡವರೊಬ್ಬರು ಸದಾ ಇರಲಿ. ಸವರುವುದಾದರೆ ಸರಳ ಪರೀಕ್ಷೆಯೊಂದಿದೆ: ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ನಾಯಿ ಇನ್ನೂ ಬೇಕೆಂದು ಹತ್ತಿರ ಒತ್ತಿದರೆ ಮುಂದುವರಿಸಿ, ಸುಮ್ಮನಿದ್ದರೆ ಅಥವಾ ಸರಿದರೆ ಬಿಟ್ಟುಬಿಡಿ. ಕಚ್ಚಿದ ಅಥವಾ ಪರಚಿದ ಗಾಯವಾದರೆ ಸಾಕುನಾಯಿಯೆಂದು ಅಲಕ್ಷಿಸದೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ವೈದ್ಯರನ್ನು ಕಾಣಬೇಕು.

ಕ್ಯಾಮೆರಾ ಲೆಕ್ಕ

ಮೊದಲನೆಯ ನಿಯಮ, ಕೆಳಗೆ ಇಳಿಯುವುದು. ನಿಂತು ತೆಗೆದ ಚಿತ್ರದಲ್ಲಿ ನಾಯಿಯ ತಲೆ, ಬೆನ್ನು ಬಿಟ್ಟರೆ ಏನೂ ಕಾಣದು. ಛಾಯಾಗ್ರಾಹಕ ಎಲಿಯಟ್ ಅರ್ವಿಟ್ 1974ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಟೋಪಿ ಹಾಕಿದ ಪುಟ್ಟ ಚಿವಾವಾ ಪೂರ್ತಿಯಾಗಿ ಕಾಣುತ್ತದೆ. ಪಕ್ಕದ ಹೆಂಗಸಿನದು ಬೂಟು, ದೊಡ್ಡ ನಾಯಿಯದು ಕಾಲು, ಅಷ್ಟೆ. ಕ್ಯಾಮೆರಾವನ್ನು ನೆಲಮಟ್ಟಕ್ಕೆ ತಂದದ್ದರಿಂದಲೇ ಜಗತ್ತು ಚಿವಾವಾದ ಅಳತೆಗೆ ಬಂದಿತು. ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ನೆಲಕ್ಕೆ ಇನ್ನೂ ಹತ್ತಿರವಾಗುತ್ತದೆ.

ಕೂತ ನಾಯಿಗೆ ಶಟರ್ ವೇಗ 1/250 ಸೆಕೆಂಡ್, ನಡೆಯುವಾಗ 1/500, ಓಡುವಾಗ 1/1000 ಅಥವಾ ಇನ್ನೂ ಹೆಚ್ಚು. ಮನೆಯೊಳಗೆ ಇದಕ್ಕಾಗಿ ಐಎಸ್ಒ ಏರಿಸಬೇಕಾದರೆ ಏರಿಸಿ. ತುಸು ಕಾಳುಕಾಳಾದ ಚಿತ್ರ, ಅಲುಗಿದ ಚಿತ್ರಕ್ಕಿಂತ ಮೇಲು. ನಾಯಿಯ ಮೂಗಿಗೂ ಕಣ್ಣಿಗೂ ಅಂತರ ಹೆಚ್ಚು. ಲೆನ್ಸನ್ನು ಎಫ್/1.8ರಷ್ಟು ಅಗಲ ತೆರೆದು ಹತ್ತಿರದಿಂದ ತೆಗೆದರೆ ಮೂಗು ಸ್ಪಷ್ಟವಾಗಿ ಕಣ್ಣು ಮಂಜಾಗುತ್ತದೆ. ಮುಧೋಳ ನಾಯಿಯಂಥ ನೀಳಮೂತಿಯ ತಳಿಗಳಲ್ಲಿ ಇದು ಇನ್ನೂ ಹೆಚ್ಚು. ಒಂದೇ ನಾಯಿಗೆ ಎಫ್/2.8ರಿಂದ ಎಫ್/4, ಮೂರ್ನಾಲ್ಕು ಜನರ ಜೊತೆ ಎಫ್/5.6 ಇಡಿ. ಪ್ರಾಣಿಯ ಕಣ್ಣು ಗುರುತಿಸುವ ಆಟೊಫೋಕಸ್ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನು ಆನ್ ಮಾಡಿ.

ಮೊಬೈಲಿನಲ್ಲಿ ತೆಗೆಯುವವರು ತೀರ ಹತ್ತಿರ ಹೋಗದೆ ಎರಡು ಹೆಜ್ಜೆ ಹಿಂದೆ ಸರಿದು 2x ಲೆನ್ಸ್ ಬಳಸಿ. ಅಗಲದ ಲೆನ್ಸ್ ಹತ್ತಿರ ಹಿಡಿದರೆ ಮೂಗು ದಪ್ಪವಾಗಿ, ತಲೆ ಚಿಕ್ಕದಾಗಿ ಬರುತ್ತದೆ. ಒಂದರ ಹಿಂದೊಂದು ಚಿತ್ರ ತೆಗೆಯುವ ಬರ್ಸ್ಟ್ ಮೋಡ್ ಇರಲಿ. ಪೋರ್ಟ್ರೇಟ್ ಮೋಡ್ ಕಿವಿಯಂಚಿನ ಕೂದಲನ್ನು ಕತ್ತರಿಸಿಬಿಡುವುದರಿಂದ ಸಾಮಾನ್ಯ ಮೋಡೇ ವಾಸಿ. ಕಪ್ಪು ನಾಯಿ ಚಿತ್ರ ತುಂಬಿಕೊಂಡಿದ್ದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ತರಲು ನೋಡುತ್ತದೆ, ಎಕ್ಸ್‌ಪೋಷರ್ ತುಸು ಇಳಿಸಿ. ಬಿಳಿ ನಾಯಿಗೆ ತುಸು ಏರಿಸಿ. ಶಟರಿನ ಕೃತಕ ಸದ್ದು, ಫೋಕಸ್ ಬೀಪ್ ಎರಡನ್ನೂ ನಿಲ್ಲಿಸಿ. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯದು 45,000ದ ಹತ್ತಿರ ಹೋಗುತ್ತದೆ. ನಮಗೆ ಲೆಕ್ಕಕ್ಕಿಲ್ಲದ ಸದ್ದೂ ಅದಕ್ಕೆ ಸುದ್ದಿ.

ಎಲ್ಲರೂ ಇರುವ ಆ ಒಂದು ಚಿತ್ರ

ಇಷ್ಟೆಲ್ಲ ಆದಮೇಲೂ ಊರಿಗೆ ಕಳಿಸಲು, ಗೋಡೆಗೆ ಹಾಕಲು ಎಲ್ಲರೂ ಒಟ್ಟಿಗಿರುವ ಚಿತ್ರ ಬೇಕೇ ಬೇಕು. ಅದನ್ನು ಮೊದಲೇ ತೆಗೆಯಬೇಡಿ, ಕೊನೆಗೂ ಬಿಡಬೇಡಿ. ನಾಯಿ ಒಂದು ಸುತ್ತು ಆಡಿ, ನೀರು ಕುಡಿದು, ಏದುಸಿರು ತಗ್ಗಿದ ಹೊತ್ತು ಸರಿ. ಎಲ್ಲರೂ ನೆಲಕ್ಕೆ ಅಥವಾ ಮೆಟ್ಟಿಲಿಗೆ ಬರಲಿ. ಮಂಡಿನೋವಿನ ಅಜ್ಜ ಅಜ್ಜಿಗೆ ಕುರ್ಚಿ ಹಾಕಿ, ಉಳಿದವರು ಅವರ ಸುತ್ತ ಕೂರಲಿ. ನಾಯಿ ಅಂಚಿಗೆ ಹೋಗದೆ, ಅದಕ್ಕೆ ಅತಿ ಸಲುಗೆಯವರ ಪಕ್ಕ ನಡುವೆ ಇರಲಿ.

ಕರೆಯುವವರು ಒಬ್ಬರೇ. ಅವರು ನಿಮ್ಮ ಭುಜದ ಹಿಂದೆ ನಿಂತಿರಲಿ, ನೀವು ಕೈ ಎತ್ತಿದಾಗ ಒಂದೇ ಸಲ ಕರೆಯಲಿ. ಉಳಿದವರು ನಾಯಿಯ ಕಡೆ ತಿರುಗದೆ ಲೆನ್ಸ್ ನೋಡುತ್ತಿದ್ದರೆ ಸಾಕು. ಹೆಸರು ಕರೆದು ಕರೆದು ಸವೆದಿದ್ದರೆ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಮಾಡಿ. ಅದು ಕೆಲಸ ಮಾಡುವುದು ಎರಡೋ ಮೂರೋ ಸಲ, ಆದ್ದರಿಂದ ಎಲ್ಲ ಸಿದ್ಧವಾದ ಮೇಲೆಯೇ ಬಳಸಿ. ಆ ಬರ್ಸ್ಟ್ ಮುಗಿದ ಮರುಕ್ಷಣ ಕ್ಯಾಮೆರಾ ಇಳಿಸಬೇಡಿ. ‘ಆಯ್ತು’ ಎಂದು ಎಲ್ಲರೂ ಉಸಿರುಬಿಟ್ಟು ನಾಯಿಯ ಕಡೆ ಬಾಗುತ್ತಾರಲ್ಲ, ಬಹಳ ಸಲ ಮನೆಯವರು ಕೇಳಿ ಪಡೆಯುವ ಚಿತ್ರ ಅದೇ.

ಆಯ್ಕೆ ಮಾಡುವಾಗ ಎರಡು ಗುಂಪು ಮಾಡಿಕೊಳ್ಳಿ: ಎಲ್ಲರೂ ಚೆನ್ನಾಗಿ ಕಾಣುವವು ಒಂದು, ನಾಯಿಯ ಚಾಳಿ ತೋರುವವು ಇನ್ನೊಂದು. ಎರಡನೆಯ ಗುಂಪಿನಲ್ಲಿ ಬಾಲ ಅಲುಗಿದ್ದರೂ, ಯಾರದೋ ಕಣ್ಣು ಮುಚ್ಚಿದ್ದರೂ ಅಳಿಸಬೇಡಿ. ಮನೆಯವರಿಗೆ ತೋರಿಸಿ, ‘ಇದು ನಮ್ಮದೇ’ ಎಂದು ಯಾವುದಕ್ಕೆ ಹೇಳುತ್ತಾರೋ ಅದನ್ನು ಉಳಿಸಿ. ಹತ್ತು ಹನ್ನೆರಡು ಚಿತ್ರವನ್ನಾದರೂ ಕಾಗದದ ಮೇಲೆ ಹಾಕಿಸಿ, ಹಿಂದೆ ನಾಯಿಯ ಹೆಸರು, ವಯಸ್ಸು, ತಾರೀಖು ಬರೆಸಿ. ಮನೆಯಲ್ಲಿರುವುದು ವಯಸ್ಸಾದ ನಾಯಿಯಾದರೆ ಹಬ್ಬಕ್ಕೋ ರಜೆಗೋ ಎಲ್ಲರೂ ಸೇರಲಿ ಎಂದು ಕಾಯುತ್ತ ಕೂರಬೇಡಿ. ಅದು ತಾನಾಗಿ ಬಾಗಿಲವರೆಗೆ ನಡೆದು ಬರುತ್ತಿರುವಾಗಲೇ, ಇರುವ ಇಬ್ಬರೊಂದಿಗೇ, ಬರುವ ಭಾನುವಾರವೇ ತೆಗೆಯಿರಿ.